ಚಿಕ್ಕ ಮಕ್ಕಳೊಂದಿಗೆ ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ಗೆ ಕ್ಯಾರವಾನ್ ಪ್ರಯಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಸ್ಟುವರ್ಟ್ ಹೆದ್ದಾರಿಗೆ ಸಂಬಂಧಿಸಿದವು. ಅಡಿಲೇಡ್‌ನಿಂದ ಹೊರಟು ಪೋರ್ಟ್ ಅಗಸ್ಟಾ, ಕೂಬರ್ ಪೀಡಿ, ಆಲಿಸ್ ಸ್ಪ್ರಿಂಗ್ಸ್, ಕ್ಯಾಥರೀನ್ ದಾಟಿ ಡಾರ್ವಿನ್ ಮುಟ್ಟುವ ಸುಮಾರು 3,000 ಕಿ.ಮೀ. ದಾರಿ ಇದು. ಉಲುರು ಎಂಬ ಹೆಸರಾಂತ ಬಂಡೆ ನೋಡಲು ಎರ್ಲ್‌ಡಂಡಾದಲ್ಲಿ ಪಶ್ಚಿಮಕ್ಕೆ ತಿರುಗಿದರೆ, ಹೋಗಿಬರಲು ಇನ್ನೂ 500 ಕಿ.ಮೀ. ಸೇರುತ್ತದೆ. 1987ರಲ್ಲಿ ಇಡೀ ಹೆದ್ದಾರಿಗೆ ಡಾಂಬರು ಬಿದ್ದಿದೆ. ಹಾಗಾಗಿ ಮೊದಲ ಸಲ ಹೊರಡುವ ಕುಟುಂಬಕ್ಕೆ ಔಟ್‌ಬ್ಯಾಕ್‌ನಲ್ಲಿ, ಎಂದರೆ ಜನವಿರಳವಾದ ಒಣ ಒಳನಾಡಿನಲ್ಲಿ, ಇದಕ್ಕಿಂತ ಸುರಕ್ಷಿತ ದಾರಿ ಸಿಗುವುದು ಕಷ್ಟ.

ಎಷ್ಟು ವಯಸ್ಸಿನ ಮಕ್ಕಳನ್ನು ಕರೆದೊಯ್ಯಬಹುದು?

ಯಾವ ವಯಸ್ಸಾದರೂ ಆಗುತ್ತದೆ, ಆದರೆ ಕಷ್ಟ ಬೇರೆ ಬೇರೆ. ಇನ್ನೂ ನಡೆಯದ ಕೂಸು ಸುಲಭ. ಮಲಗುತ್ತದೆ, ಹಾಲು ಕುಡಿಯುತ್ತದೆ. 5 ದಾಟಿದ ಮಕ್ಕಳಿಗೆ ವಿವರಿಸಿ ಹೇಳಬಹುದು. ಹೆಚ್ಚು ಕಷ್ಟವೆಂದರೆ ಒಂದೂವರೆಯಿಂದ ಮೂರು ವರ್ಷದ ಮಕ್ಕಳದು. ಅವರಿಗೆ ಓಡಲು ಬರುತ್ತದೆ, ಅಪಾಯ ತಿಳಿಯುವುದಿಲ್ಲ, ಸೀಟಿನಲ್ಲಿ ಕಟ್ಟಿಸಿಕೊಂಡು ಕೂರಲು ಒಪ್ಪುವುದಿಲ್ಲ. ಆ ವಯಸ್ಸಿನ ಮಗುವಿದ್ದರೆ ಕೆಳಗೆ ಹೇಳಿರುವ ದಿನದ ದೂರವನ್ನು ಇನ್ನೂ ಕಾಲು ಭಾಗ ಇಳಿಸಿ.

ಯಾವ ತಿಂಗಳು ಹೋಗಬೇಕು?

ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ನಡುವೆ. ಡಿಸೆಂಬರ್, ಜನವರಿಯಲ್ಲಿ ಮಧ್ಯ ಆಸ್ಟ್ರೇಲಿಯಾದಲ್ಲಿ 40 ಡಿಗ್ರಿ ಮಾಮೂಲು. ಅದೇ ಹೊತ್ತಿಗೆ ಉತ್ತರದ ಡಾರ್ವಿನ್ ಕಡೆ ಮಳೆಗಾಲ ಇರುವುದರಿಂದ ರಸ್ತೆಗೆ ನೀರು ನುಗ್ಗುತ್ತದೆ, ಈಜುವ ಕೊಳಗಳು ಮುಚ್ಚುತ್ತವೆ. ಆ ತಿಂಗಳುಗಳಲ್ಲಿ ಚಿಕ್ಕ ಮಕ್ಕಳೊಂದಿಗೆ ಹೊರಡಲೇಬೇಡಿ. ಮರುಭೂಮಿಯ ಚಳಿಗಾಲವನ್ನು ಮಾತ್ರ ಹಲವರು ಹಗುರವಾಗಿ ಎಣಿಸುತ್ತಾರೆ. ಜುಲೈನಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ಹಗಲು 20 ಡಿಗ್ರಿಯ ಹಿತವಾದ ಬಿಸಿಲಾದರೆ, ಬೆಳಗಿನ ಜಾವ ಸೊನ್ನೆಗೆ ಇಳಿದು ಹುಲ್ಲಿನ ಮೇಲೆ ಹಿಮ ಕೂರುವುದುಂಟು. ಜೂನ್ ಕೊನೆ ಮತ್ತು ಜುಲೈನ ಶಾಲಾ ರಜೆಯಲ್ಲಿ ಉಲುರು ಬಳಿ ಜಾಗ ಸಿಗುವುದು ಕಷ್ಟ. ಕನಿಷ್ಠ ಮೂರು ತಿಂಗಳು ಮೊದಲೇ ಕಾದಿರಿಸಿ.

ಎಷ್ಟು ದಿನ ಬೇಕು? ದಿನಕ್ಕೆ ಎಷ್ಟು ದೂರ?

ಇಡೀ ಪ್ರಯಾಣ ಚೆನ್ನಾಗಿ ಆಗುತ್ತದೋ ಇಲ್ಲವೋ ಎಂಬುದು ಈ ಒಂದು ಲೆಕ್ಕದ ಮೇಲೆ ನಿಂತಿದೆ. ಮಕ್ಕಳಿದ್ದರೆ ದಿನಕ್ಕೆ 250ರಿಂದ 300 ಕಿ.ಮೀ. ಸಾಕು. ಎರಡು ದಿನ ಓಡಿಸಿದರೆ ಮೂರನೆಯ ದಿನ ಗಾಡಿ ಕದಲಿಸಬೇಡಿ. ನಕ್ಷೆ 280 ಕಿ.ಮೀ.ಗೆ ಮೂರು ಗಂಟೆಗಿಂತ ಕಡಿಮೆ ತೋರಿಸುತ್ತದೆ. ಕ್ಯಾರವಾನ್ ಎಳೆಯುತ್ತಾ, ಎರಡು ಸಲ ನಿಲ್ಲಿಸಿ, ಒಂದು ಸಲ ಡಯಾಪರ್ ಬದಲಿಸಿ ಹೋದರೆ ಐದು ಗಂಟೆ ಹಿಡಿಯುತ್ತದೆ.

ದಾರಿ ತಾನಾಗಿಯೇ ಇಂಥ ತುಂಡುಗಳಾಗಿ ಒಡೆದುಕೊಳ್ಳುತ್ತದೆ. ಅಡಿಲೇಡ್‌ನಿಂದ ಪೋರ್ಟ್ ಅಗಸ್ಟಾ 310, ಅಲ್ಲಿಂದ ಗ್ಲೆಂಡಾಂಬೊ 285, ಕೂಬರ್ ಪೀಡಿ 254, ಮಾರ್ಲಾ 235, ಎರ್ಲ್‌ಡಂಡಾ ಸುಮಾರು 255, ಉಲುರು ಪಕ್ಕದ ಯುಲಾರಾ ಸುಮಾರು 250 ಕಿ.ಮೀ. ಎರ್ಲ್‌ಡಂಡಾಕ್ಕೆ ಮರಳಿ ಬಂದರೆ ಆಲಿಸ್ ಸ್ಪ್ರಿಂಗ್ಸ್ 200 ಕಿ.ಮೀ. ಆಲಿಸ್‌ನಿಂದ ಟೆನಂಟ್ ಕ್ರೀಕ್‌ಗೆ 508 ಕಿ.ಮೀ. ಇದನ್ನು ಟೀ ಟ್ರೀ ಅಥವಾ ಬ್ಯಾರೋ ಕ್ರೀಕ್‌ನಲ್ಲಿ ಮುರಿಯಿರಿ. ಟೆನಂಟ್ ಕ್ರೀಕ್‌ನಿಂದ ಕ್ಯಾಥರೀನ್ 670 ಕಿ.ಮೀ. ಇದ್ದು, ಡೇಲಿ ವಾಟರ್ಸ್ ಮತ್ತು ಮಟರಂಕಾದಲ್ಲಿ ತಂಗಿದರೆ ಹಗುರವಾಗುತ್ತದೆ. ಕೊನೆಯ ತುಂಡು ಕ್ಯಾಥರೀನ್‌ನಿಂದ ಡಾರ್ವಿನ್, ಸುಮಾರು 320 ಕಿ.ಮೀ.

ನಿಲ್ಲುವ ದಿನಗಳೂ ಸೇರಿ ಒಂದು ದಿಕ್ಕಿಗೆ ಮೂರು ವಾರ. ಹೋಗಿಬರಲು ಐದರಿಂದ ಆರು ವಾರ. ಎರಡೇ ವಾರ ರಜೆ ಇದ್ದರೆ ಡಾರ್ವಿನ್ ಬಿಡಿ, ಆಲಿಸ್ ಸ್ಪ್ರಿಂಗ್ಸ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿ ಗಾಡಿ ಬಾಡಿಗೆಗೆ ತೆಗೆದುಕೊಂಡು ಉಲುರು ಮತ್ತು ಕಿಂಗ್ಸ್ ಕ್ಯಾನ್ಯನ್ ನೋಡಿ ಬನ್ನಿ. ಪೂರ್ತಿ ದಾರಿಯನ್ನು ಎರಡು ವಾರಕ್ಕೆ ತುರುಕಿದರೆ ಮಕ್ಕಳ ನೆನಪಿನಲ್ಲಿ ಕಾರಿನ ಸೀಟು ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಕಾರಿನ ಹಿಂದೆ ಎಳೆಯುವ ಕ್ಯಾರವಾನ್ ಒಳ್ಳೆಯದೋ, ಮೋಟರ್‌ಹೋಮ್ ಒಳ್ಳೆಯದೋ?

ಹಿಂದೆಂದೂ ಏನನ್ನೂ ಎಳೆದು ಓಡಿಸದವರಿಗೆ, ಎರಡೇ ವಾರದ ಪ್ರವಾಸಕ್ಕೆ ಮೋಟರ್‌ಹೋಮ್ (ತಾನೇ ಓಡುವ, ಒಳಗೇ ಮನೆಯಿರುವ ಗಾಡಿ) ವಾಸಿ. ಮೂರು ವಾರಕ್ಕಿಂತ ಹೆಚ್ಚಾದರೆ ಕ್ಯಾರವಾನ್. ಒಂದು ಕಡೆ ಬಿಚ್ಚಿಟ್ಟು ಕಾರಿನಲ್ಲಿ ಊರು ಸುತ್ತಬಹುದು, ಕೂಸಿನ ಜೊತೆ ಒಬ್ಬರು ನೆರಳಲ್ಲೇ ಉಳಿಯಬಹುದು. ಮೋಟರ್‌ಹೋಮ್ ಬಾಡಿಗೆಗೆ ಪಡೆಯುವಾಗ ಎಷ್ಟು ಜನ ಮಲಗಬಹುದು ಎಂದು ಮಾತ್ರ ಕೇಳಬೇಡಿ. ಮಕ್ಕಳ ಸೀಟು ಕಟ್ಟಲು ಕೊಂಡಿ ಇರುವ, ಮುಂದಕ್ಕೆ ಮುಖ ಮಾಡಿದ ಆಸನಗಳು ಎಷ್ಟಿವೆ ಎಂದು ಕೇಳಿ. ಆರು ಜನ ಮಲಗುವ ಗಾಡಿಯಲ್ಲಿ ಅಂಥ ಆಸನ ಎರಡೇ ಇರುವುದು ಸಾಮಾನ್ಯ.

ಓಡುತ್ತಿರುವ ಕ್ಯಾರವಾನ್ ಒಳಗೆ ಯಾರೂ ಇರುವಂತಿಲ್ಲ, ಕಾನೂನು ಅದನ್ನು ನಿಷೇಧಿಸಿದೆ. ಮಗು ನಿದ್ದೆ ಮಾಡುತ್ತಿದ್ದರೂ, ಐದೇ ನಿಮಿಷವಾದರೂ ಬಿಡಬೇಡಿ.

ಭಾರತದ ಚಾಲನಾ ಪರವಾನಗಿ ನಡೆಯುತ್ತದೆಯೇ? ಮಕ್ಕಳ ಸೀಟಿನ ನಿಯಮವೇನು?

ಪ್ರವಾಸಕ್ಕೆ ಬಂದವರಿಗೆ ಇಂಗ್ಲಿಷ್‌ನಲ್ಲಿ ವಿವರವಿರುವ ಭಾರತದ ಪರವಾನಗಿ ಸಾಕು. ಜೊತೆಗೆ ಅಂತರರಾಷ್ಟ್ರೀಯ ಪರ್ಮಿಟ್ ಇದ್ದರೆ ಬಾಡಿಗೆ ಕಂಪನಿಯವರು ತಕರಾರು ಮಾಡುವುದಿಲ್ಲ. ಕ್ಯಾರವಾನ್ ಎಳೆಯಲು ಪ್ರತ್ಯೇಕ ಪರವಾನಗಿ ಬೇಡ, ಸಾಮಾನ್ಯ ಕಾರು ಪರವಾನಗಿಯೇ ಸಾಕು.

ಮಕ್ಕಳ ಸೀಟಿನ ವಿಷಯ ಬಿಗಿ. 6 ತಿಂಗಳವರೆಗೆ ಹಿಂದಕ್ಕೆ ಮುಖ ಮಾಡಿದ ಸೀಟು. 6 ತಿಂಗಳಿಂದ 4 ವರ್ಷದವರೆಗೆ ಪಟ್ಟಿ ಒಳಗೇ ಇರುವ ಸೀಟು, ಮುಖ ಹಿಂದಕ್ಕಾದರೂ ಸರಿ ಮುಂದಕ್ಕಾದರೂ ಸರಿ. 4ರಿಂದ 7 ವರ್ಷದವರೆಗೆ ಮುಂದಕ್ಕೆ ಮುಖ ಮಾಡಿದ ಸೀಟು ಅಥವಾ ಬೂಸ್ಟರ್. ಹಿಂಬದಿ ಆಸನವಿರುವ ಕಾರಿನಲ್ಲಿ 4ರ ಒಳಗಿನ ಮಗುವನ್ನು ಮುಂದೆ ಕೂರಿಸುವಂತಿಲ್ಲ. ಸೀಟಿನ ಮೇಲೆ ಎಎಸ್/ಎನ್‌ಝೆಡ್‌ಎಸ್ 1754 ಎಂಬ ಆಸ್ಟ್ರೇಲಿಯಾದ ಗುರುತು ಇರಲೇಬೇಕು. ಬೆಂಗಳೂರಿನಿಂದ ತಂದ ಒಳ್ಳೆಯ ಸೀಟು ಕೂಡ ಇಲ್ಲಿ ಕಾನೂನಿಗೆ ಒಪ್ಪಿಗೆಯಾಗುವುದಿಲ್ಲ. ಬಾಡಿಗೆಗೆ ಪಡೆಯಿರಿ ಅಥವಾ ಇಲ್ಲೇ ಕೊಳ್ಳಿ.

ಕ್ಯಾರವಾನ್‌ನಲ್ಲಿ ಎಷ್ಟು ಭಾರ ತುಂಬಬಹುದು?

ಬಾಗಿಲ ಬಳಿಯ ಫಲಕದಲ್ಲಿ ಎರಡು ಅಂಕಿ ನೋಡಿ. ಟೇರ್ ಎಂದರೆ ಖಾಲಿ ತೂಕ. ಎಟಿಎಂ ಎಂದರೆ ತುಂಬಿದ ಮೇಲೆ ಮೀರಬಾರದ ಒಟ್ಟು ತೂಕ. ಇವೆರಡರ ವ್ಯತ್ಯಾಸವಷ್ಟೇ ನಿಮ್ಮ ಪಾಲು. ಟೇರ್ 2,000 ಕೆ.ಜಿ., ಎಟಿಎಂ 2,400 ಕೆ.ಜಿ. ಇದ್ದರೆ ಉಳಿಯುವುದು 400. ಎರಡು ಟ್ಯಾಂಕ್ ತುಂಬಿದ 160 ಲೀಟರ್ ನೀರೇ 160 ಕೆ.ಜಿ. ಎರಡು 9 ಕೆ.ಜಿ. ಗ್ಯಾಸ್ ಸಿಲಿಂಡರ್‌ಗಳು ಲೋಹದ ತೂಕವೂ ಸೇರಿ ಸುಮಾರು 35. ಇನ್ನು 205 ಕೆ.ಜಿ.ಯಲ್ಲಿ ಹಾಸಿಗೆ, ಬಟ್ಟೆ, ಪಾತ್ರೆ, ಕುರ್ಚಿ, ಸೈಕಲ್, ದಿನಸಿ ಎಲ್ಲವೂ ಬರಬೇಕು. ನಾಲ್ಕು ಜನರ ಕುಟುಂಬ ಇದನ್ನು ಮೀರುವುದು ಬಹಳ ಸುಲಭ. ಹೊರಡುವ ಮೊದಲು ತೂಕದ ಕಟ್ಟೆಗೆ ಹೋಗಿ ತೂಗಿಸಿ. ಮೀರಿದ ಗಾಡಿಗೆ ಅಪಘಾತವಾದರೆ ವಿಮೆ ಸಿಗದೆ ಹೋಗಬಹುದು.

ಎಷ್ಟು ತುಂಬಿದಿರಿ ಎಂಬುದರಷ್ಟೇ ಎಲ್ಲಿ ತುಂಬಿದಿರಿ ಎಂಬುದೂ ಮುಖ್ಯ. ಕಾರಿಗೆ ಕ್ಯಾರವಾನ್ ಕೂಡಿಸುವ ಕೊಕ್ಕೆಯ ಗುಂಡಿನ ಮೇಲೆ ಬೀಳುವ ಭಾರ ಒಟ್ಟು ತೂಕದ ಸುಮಾರು 10% ಇರಬೇಕು. ಭಾರದ ಸಾಮಾನು ಗಾಲಿಗಳ ಮೇಲೆ, ತಳದಲ್ಲಿ ಇರಲಿ. ಹಿಂಬದಿಯ ಅಂಚಿನಲ್ಲಿ ಸೈಕಲ್, ನೀರಿನ ಕ್ಯಾನು ನೇತುಹಾಕಿದರೆ ಮುಂದಿನ ಭಾರ ಕಡಿಮೆಯಾಗಿ ಕ್ಯಾರವಾನ್ ಹಾವಿನಂತೆ ಅತ್ತಿತ್ತ ಓಲಾಡತೊಡಗುತ್ತದೆ. ಹಾಗಾದಾಗ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಸರಿಪಡಿಸಲೂ ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಚಾಲಕನ ಕೈಗೆಟಕುವ ಬ್ರೇಕ್ ಕಂಟ್ರೋಲರ್‌ನಿಂದ ಕ್ಯಾರವಾನ್‌ನ ಬ್ರೇಕನ್ನು ಮಾತ್ರ ಮೆಲ್ಲಗೆ ಹಿಡಿಯಿರಿ. ಅದು ಹಿಂದಕ್ಕೆ ಎಳೆದು ನೇರವಾಗುತ್ತದೆ. ಈ ಗುಂಡಿ ಎಲ್ಲಿದೆ ಎಂದು ಎರಡನೆಯ ಚಾಲಕರಿಗೂ ತಿಳಿದಿರಬೇಕು.

ಅರ್ಧ ತುಂಬಿದ ನೀರಿನ ಟ್ಯಾಂಕೂ ಓಲಾಡಿಸುತ್ತದೆ. ಒಂದನ್ನು ಪೂರ್ತಿ ತುಂಬಿ, ಇನ್ನೊಂದನ್ನು ಖಾಲಿ ಬಿಡುವುದು ಎರಡನ್ನೂ ಅರ್ಧ ತುಂಬುವುದಕ್ಕಿಂತ ಮೇಲು.

ಹೊರಡುವ ಮೊದಲು ಏನೇನು ಪರೀಕ್ಷಿಸಬೇಕು?

ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಟಯರ್ ಮತ್ತು ಗಾಲಿಯ ಬೇರಿಂಗ್. ಕ್ಯಾರವಾನ್ ವರ್ಷವಿಡೀ ನಿಂತೇ ಇರುವುದರಿಂದ ಟಯರಿನ ಹಲ್ಲು ಸವೆದಿರುವುದಿಲ್ಲ, ಆದರೆ ರಬ್ಬರ್ ಒಳಗೊಳಗೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿಕೆ ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ. 7 ವರ್ಷ ದಾಟಿದ್ದರೆ ನೋಡಲು ಹೊಸದಾಗಿದ್ದರೂ ಬದಲಿಸಿ.

ಬೇರಿಂಗ್‌ಗೆ ಪ್ರತಿ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಹೊಸ ಗ್ರೀಸ್ ತುಂಬಿಸಬೇಕು. ದಾರಿಯಲ್ಲಿ ನಿಂತಾಗಲೆಲ್ಲ ಪ್ರತಿ ಗಾಲಿಯ ನಡುಭಾಗದ ಹತ್ತಿರಕ್ಕೆ ಅಂಗೈ ಹಿಡಿಯಿರಿ. ಎಲ್ಲವೂ ಒಂದೇ ಹದದ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಹತ್ತಿರ ಹೋಗಲಾರದಷ್ಟು ಸುಡುತ್ತಿದ್ದರೆ ಬೇರಿಂಗ್ ಸಾಯುತ್ತಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಅಲ್ಲಿಂದ ಮುಂದೆ ಓಡಿಸಿದರೆ ಗಾಲಿಯೇ ಕಳಚಿಕೊಳ್ಳಬಹುದು. ಒಂದು ಜೊತೆ ಬೇರಿಂಗ್ ಮತ್ತು ಸೀಲ್ ಜೊತೆಗಿಟ್ಟುಕೊಳ್ಳಿ. ಹೆದ್ದಾರಿ ಬದಿಯ ಬಂಕ್, ಊಟ, ತಂಗುವ ಜಾಗ ಒಟ್ಟಿಗಿರುವ ರೋಡ್‌ಹೌಸ್‌ನಲ್ಲಿ ಕೈಯಾಡಿಸಬಲ್ಲವರು ಸಿಗುತ್ತಾರೆ, ನಿಮ್ಮ ಅಳತೆಯ ಬಿಡಿಭಾಗ ಸಿಗುವುದಿಲ್ಲ.

ಟಯರಿನ ಗಾಳಿಯನ್ನು ಬೆಳಿಗ್ಗೆ, ತಣ್ಣಗಿರುವಾಗ ಅಳೆಯಿರಿ. ಓಡಿ ಬಿಸಿಯಾದ ಮೇಲೆ 4ರಿಂದ 6 ಪಿಎಸ್‌ಐ ಏರುವುದು ಸಹಜ. ಅದಕ್ಕಿಂತ ಹೆಚ್ಚು ಏರಿದರೆ ಬೆಳಿಗ್ಗೆ ಗಾಳಿ ಕಡಿಮೆಯಿತ್ತು, ಅಥವಾ ಭಾರ ಹೆಚ್ಚಿದೆ. ಗಾಲಿ ಬಿಚ್ಚಿ ಹಾಕಿದ ಮೇಲೆ ಮೊದಲ 50ರಿಂದ 100 ಕಿ.ಮೀ. ಒಳಗೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ.

ಡೀಸೆಲ್, ಪೆಟ್ರೋಲ್ ಎಲ್ಲೆಲ್ಲಿ ಸಿಗುತ್ತದೆ?

ಈ ದಾರಿಯಲ್ಲಿ ಅತಿ ಉದ್ದದ ಖಾಲಿ ತುಂಡು ಗ್ಲೆಂಡಾಂಬೊದಿಂದ ಕೂಬರ್ ಪೀಡಿಯವರೆಗಿನ 254 ಕಿ.ಮೀ. ನಡುವೆ ಬಂಕ್ ಇಲ್ಲ, ಮನೆಯೂ ಇಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗಿ, ಮುಕ್ಕಾಲು ದಾರಿ ವಾಪಸ್ ಬಂದಷ್ಟು ದೂರ. ಕ್ಯಾರವಾನ್ ಎಳೆಯುವ ಕಾರು 100 ಕಿ.ಮೀ.ಗೆ 15ರಿಂದ 20 ಲೀಟರ್ ಕುಡಿಯುತ್ತದೆ. 80 ಲೀಟರ್ ಟ್ಯಾಂಕಿಗೆ 18ರ ಲೆಕ್ಕದಲ್ಲಿ 440 ಕಿ.ಮೀ. ಬಂತು. ಎದುರುಗಾಳಿ ಬೀಸಿದರೆ 350ಕ್ಕೆ ಇಳಿಯುತ್ತದೆ. ಟ್ಯಾಂಕ್ ಅರ್ಧಕ್ಕೆ ಬಂದಾಗ ಎದುರಿಗೆ ಬಂಕ್ ಇದ್ದರೆ ತುಂಬಿಸಿ, ಬೆಲೆ ನೋಡಿ ಮುಂದಿನದಕ್ಕೆ ಕಾಯಬೇಡಿ. ಮುಂದಿನ ಬಂಕ್ ಕರೆಂಟ್ ಹೋಗಿ ಮುಚ್ಚಿರುವುದೂ ಉಂಟು. ಕೆಲವು ಕಡೆ ಸಾಮಾನ್ಯ ಪೆಟ್ರೋಲ್ ಬದಲು ಓಪಲ್ ಎಂಬ ಪೆಟ್ರೋಲ್ ಇರುತ್ತದೆ. ಮೂಸಿ ಅಮಲೇರಿಸಿಕೊಳ್ಳುವ ಚಟ ತಡೆಯಲು ತಯಾರಿಸಿದ್ದು ಅದು. ಸಾಮಾನ್ಯ ಪೆಟ್ರೋಲ್ ಕಾರಿಗೆ ಅದರಿಂದ ತೊಂದರೆಯಿಲ್ಲ.

ಎಷ್ಟು ವೇಗ? ರೋಡ್ ಟ್ರೈನ್ ಬಂದರೆ ಏನು ಮಾಡಬೇಕು?

ನಾರ್ದರ್ನ್ ಟೆರಿಟರಿಯ ಕೆಲವು ಕಡೆ ಫಲಕದಲ್ಲಿ 130 ಎಂದಿದೆ. ಅದು ನಿಮಗಲ್ಲ. ಕ್ಯಾರವಾನ್ ಎಳೆಯುವಾಗ 90ರಿಂದ 95 ಸರಿ. 110ಕ್ಕೆ ಹೋದರೆ ಇಂಧನ ಗಣನೀಯವಾಗಿ ಹೆಚ್ಚು ಕುಡಿಯುತ್ತದೆ, ಓಲಾಟದ ಅಪಾಯವೂ ಏರುತ್ತದೆ.

ರೋಡ್ ಟ್ರೈನ್ ಎಂದರೆ ಮೂರು ಟ್ರೇಲರ್ ಎಳೆಯುವ, 53.5 ಮೀಟರ್‌ವರೆಗೆ ಉದ್ದದ ಲಾರಿ. ಅದು ನಿಮ್ಮನ್ನು ದಾಟುವಾಗ ಮೊದಲು ಗಾಳಿ ಆಚೆಗೆ ತಳ್ಳುತ್ತದೆ, ಆಮೇಲೆ ಒಳಕ್ಕೆ ಸೆಳೆಯುತ್ತದೆ. ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದು, ವೇಗ ಬದಲಿಸದೆ ನೇರ ಹೋಗಿ. ಅದು ಪಕ್ಕಕ್ಕೆ ಬಂದ ಮೇಲೆ ಸ್ವಲ್ಪ ನಿಧಾನಿಸಿದರೆ ಬೇಗ ಮುಂದೆ ಹೋಗುತ್ತದೆ. ನೀವೇ ಅದನ್ನು ದಾಟಬೇಕಿದ್ದರೆ ಎದುರಿಗೆ ಒಂದೂವರೆ ಕಿ.ಮೀ. ಖಾಲಿ ರಸ್ತೆ ಕಾಣಬೇಕು. ಗಾಡಿಯಿಂದ ಗಾಡಿಗೆ ಮಾತಾಡುವ ಯುಎಚ್‌ಎಫ್ ರೇಡಿಯೊದ 40ನೇ ಚಾನೆಲ್‌ನಲ್ಲಿ ಲಾರಿ ಚಾಲಕರು ಇರುತ್ತಾರೆ, ಕೇಳಿದರೆ ದಾರಿ ಖಾಲಿಯಿದೆಯೇ ಎಂದು ಹೇಳುತ್ತಾರೆ. ಕ್ಯಾರವಾನ್‌ನವರು ಬಳಸುವುದು 18ನೇ ಚಾನೆಲ್. 5 ಮತ್ತು 35 ತುರ್ತಿಗೆ ಮೀಸಲು.

ಮುಸ್ಸಂಜೆಯಿಂದ ಬೆಳಗಾಗುವವರೆಗೆ ಓಡಿಸಬೇಡಿ. ಕಾಂಗರೂಗಳು ಹೊರಬರುವುದು ಆಗಲೇ. ಬೇಲಿಯಿಲ್ಲದ ಜಾನುವಾರು ಡಾಂಬರಿನ ಬಿಸಿಗೆ ರಸ್ತೆಯ ಮೇಲೇ ಮಲಗಿರುತ್ತವೆ. ಹಲವು ಬಾಡಿಗೆ ಕರಾರುಗಳಲ್ಲಿ ಊರಾಚೆ ರಾತ್ರಿ ಓಡಿಸಿದರೆ ವಿಮೆ ಅನ್ವಯಿಸುವುದಿಲ್ಲ. ಪ್ರಾಣಿ ಎದುರಾದರೆ ನೇರವಾಗಿ ಬ್ರೇಕ್ ಹಾಕಿ, ಪಕ್ಕಕ್ಕೆ ತಿರುಗಿಸಬೇಡಿ. ಕ್ಯಾರವಾನ್ ಸಮೇತ ತಿರುಗಿಸಿದರೆ ಗಾಡಿ ಮಗುಚುತ್ತದೆ.

ನೀರು ಎಷ್ಟು ಒಯ್ಯಬೇಕು?

ಕುಡಿಯಲು, ಅಡುಗೆಗೆ, ತುರ್ತಿಗೆ ಎಲ್ಲ ಸೇರಿ ತಲೆಗೆ ದಿನಕ್ಕೆ 10 ಲೀಟರ್. ನಾಲ್ವರಿಗೆ 40. ಟ್ಯಾಂಕಿನ ನೀರನ್ನೇ ನಂಬಬೇಡಿ. ಕಲ್ಲು ತಾಗಿ ತಳದ ಟ್ಯಾಂಕ್ ಒಡೆದರೆ ಗೊತ್ತಾಗುವುದು ಸಂಜೆ ನಲ್ಲಿ ತಿರುಗಿಸಿದಾಗ. 20 ಲೀಟರ್ ಕುಡಿಯುವ ನೀರು ಕಾರಿನಲ್ಲೇ, ಬೇರೆ ಕ್ಯಾನಿನಲ್ಲಿ ಇರಲಿ. ತುಂಬಿಸಲು ಕುಡಿಯುವ ನೀರಿಗೆಂದೇ ಮಾರುವ ಪೈಪ್ ಬಳಸಿ. ತೋಟದ ಹಸಿರು ಪೈಪಿನಲ್ಲಿ ಬಿಸಿಲಿಗೆ ನಿಂತ ನೀರು ಪ್ಲಾಸ್ಟಿಕ್ ವಾಸನೆ ಹೊಡೆಯುತ್ತದೆ, ಮಕ್ಕಳು ಕುಡಿಯುವುದಿಲ್ಲ.

ರೋಡ್‌ಹೌಸ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಬೋರ್ ನೀರು. ತೊಳೆಯಲು, ಮೀಯಲು ಸರಿ. ಅದರಲ್ಲಿ ಲವಣಾಂಶ ಹೆಚ್ಚು, ಕೆಲವೆಡೆ ನೈಟ್ರೇಟೂ ಇರುತ್ತದೆ. ಕೂಸಿನ ಪುಡಿಹಾಲಿಗೆ ಅದನ್ನು ಬಳಸಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಲವಣ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಪುಡಿಹಾಲಿಗೆ ಬಾಟಲಿ ನೀರನ್ನು ಪ್ರತ್ಯೇಕ ಇಟ್ಟುಕೊಳ್ಳಿ, ಅದನ್ನೂ ಎಂದಿನಂತೆ ಕುದಿಸಿ ಆರಿಸಿ ಬಳಸಿ.

ನಮ್ಮ ಅಡುಗೆ ಮಾಡಿಕೊಳ್ಳಬಹುದೇ?

ಧಾರಾಳವಾಗಿ. ಸಸ್ಯಾಹಾರಿಗಳಿಗಂತೂ ಅಡುಗೆ ಮಾಡಿಕೊಳ್ಳದೆ ಗತಿಯಿಲ್ಲ, ರೋಡ್‌ಹೌಸ್‌ನಲ್ಲಿ ಆಲೂಗಡ್ಡೆ ಚಿಪ್ಸ್ ಮತ್ತು ಚೀಸ್ ಟೋಸ್ಟ್ ಬಿಟ್ಟರೆ ಹೆಚ್ಚೇನೂ ಸಿಗದು. ಮೂರು ಲೀಟರ್ ಕುಕ್ಕರ್, ಒಂದು ಬಾಣಲೆ, ಒಂದು ತವಾ ಸಾಕು.

ಒಗ್ಗರಣೆಯನ್ನು ಮಾತ್ರ ಹೊರಗೆ, ಕ್ಯಾರವಾನ್ ಪಕ್ಕಕ್ಕೆ ಬಿಚ್ಚುವ ಚಪ್ಪರದ ಕೆಳಗೆ ಹಾಕಿ. ಒಳಗೆ ಸಾಸಿವೆ, ಒಣಮೆಣಸಿನಕಾಯಿ ಸಿಡಿದರೆ ಹೊಗೆ ಅಲಾರಂ ಕಿರುಚಿ ಮಲಗಿದ ಮಗು ಏಳುತ್ತದೆ, ಇಂಗಿನ ವಾಸನೆ ಹಾಸಿಗೆಗೆ ಹಿಡಿದರೆ ವಾರವಾದರೂ ಹೋಗುವುದಿಲ್ಲ. ಬಾಡಿಗೆ ಗಾಡಿಯಾದರೆ ಶುಚಿಗೊಳಿಸುವ ಖರ್ಚನ್ನೂ ವಸೂಲಿ ಮಾಡುತ್ತಾರೆ. ಗಾಳಿ ಹೆಚ್ಚಿದ್ದರೆ ಒಲೆಯ ಸುತ್ತ ತಗಡಿನ ಮರೆ ಬೇಕು, ಇಲ್ಲವಾದರೆ ಕುಕ್ಕರ್ ಕೂಗಲು ದುಪ್ಪಟ್ಟು ಗ್ಯಾಸ್ ಹೋಗುತ್ತದೆ.

ದೋಸೆ ಹಿಟ್ಟಿಗೆ ಮರುಭೂಮಿಯ ಚಳಿಗಾಲ ಒಗ್ಗುವುದಿಲ್ಲ. ರಾತ್ರಿ 4 ಡಿಗ್ರಿಯಲ್ಲಿ ಹುದುಗದು, ಹಗಲು ಕಾರಿನಲ್ಲಿಟ್ಟರೆ ಕುಲುಕಿ ಉಕ್ಕಿ ಚೆಲ್ಲುತ್ತದೆ. ಡಬ್ಬಿಯನ್ನು ಅರ್ಧವೇ ತುಂಬಿಸಿ, ಮುಚ್ಚಳ ಸಡಿಲ ಬಿಟ್ಟು, ಬಕೆಟ್ಟಿನಲ್ಲಿ ಕೂರಿಸಿ ಒಯ್ದರೆ ಆಗುತ್ತದೆ. ಹುದುಗಿಸುವುದೇ ಬೇಡ ಎನ್ನುವವರಿಗೆ ರವೆ ದೋಸೆ, ಅವಲಕ್ಕಿ ಒಗ್ಗರಣೆ, ಉಪ್ಪಿಟ್ಟು ಸುಲಭ. ಬೆಳಿಗ್ಗೆ ಹೊರಡುವ ಮೊದಲೇ ಚಿತ್ರಾನ್ನ ಅಥವಾ ಚಪಾತಿ ಮಾಡಿ ಡಬ್ಬಿಗೆ ಹಾಕಿಬಿಡಿ, ಮಧ್ಯಾಹ್ನ ನೊಣಗಳ ನಡುವೆ ಒಲೆ ಹಚ್ಚುವ ತಾಪತ್ರಯ ತಪ್ಪುತ್ತದೆ. ದಿನಸಿ ತುಂಬಿಸಲು ಪೋರ್ಟ್ ಅಗಸ್ಟಾ, ಆಲಿಸ್ ಸ್ಪ್ರಿಂಗ್ಸ್, ಕ್ಯಾಥರೀನ್ ಒಳ್ಳೆಯ ಊರುಗಳು. ನಡುವೆ ಸಿಗುವುದು ಚಿಕ್ಕದು, ದುಬಾರಿ.

ಓಡುವಾಗ ಸಿಲಿಂಡರಿನ ವಾಲ್ವ್ ಮುಚ್ಚಿರಬೇಕು. ಫ್ರಿಜ್ ಗ್ಯಾಸಿನ ಜ್ವಾಲೆಯಲ್ಲಿ ಉರಿಯುತ್ತಿರುವಾಗ ಪೆಟ್ರೋಲ್ ಬಂಕ್‌ಗೆ ನುಗ್ಗಿದರೆ ಏನಾಗಬಹುದು ಎಂದು ಹೇಳಬೇಕಿಲ್ಲ. ಆ ಹೊತ್ತಿಗೆ ಅದನ್ನು 12 ವೋಲ್ಟ್‌ಗೆ ಬದಲಿಸಿ.

ಹಣ್ಣು, ತರಕಾರಿ, ಉಪ್ಪಿನಕಾಯಿ ಒಯ್ಯಬಹುದೇ?

ಹಣ್ಣುನೊಣದ ಹಾವಳಿ ತಡೆಯಲು ರಾಜ್ಯದಿಂದ ರಾಜ್ಯಕ್ಕೆ ನಿರ್ಬಂಧವಿದೆ. ಡಾರ್ವಿನ್ ಕಡೆಯಿಂದ ಮರಳಿ ದಕ್ಷಿಣ ಆಸ್ಟ್ರೇಲಿಯಾ ಪ್ರವೇಶಿಸುವಾಗ ಹಣ್ಣು, ಟೊಮೆಟೊ, ಮೆಣಸಿನಕಾಯಿಯಂಥವನ್ನು ಗಡಿಗೆ ಮೊದಲೇ ತಿಂದು ಮುಗಿಸಿ ಅಥವಾ ಅಲ್ಲಿನ ತೊಟ್ಟಿಗೆ ಹಾಕಿ. ಕುನುನುರಾ ಮೂಲಕ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋದರೆ ತಪಾಸಣೆ ಇನ್ನೂ ಬಿಗಿ, ಜೇನುತುಪ್ಪವನ್ನೂ ಬಿಡುವುದಿಲ್ಲ. ಬೇಯಿಸಿದ ಪಲ್ಯಕ್ಕೆ ತೊಂದರೆಯಿಲ್ಲ, ಹಾಗಾಗಿ ಗಡಿಯ ಹಿಂದಿನ ರಾತ್ರಿ ಉಳಿದ ತರಕಾರಿಯನ್ನೆಲ್ಲ ಸಾಗು ಮಾಡಿಬಿಡುವುದು ಜಾಣತನ. ಊರಿನಿಂದ ವಿಮಾನದಲ್ಲಿ ತರುವ ಉಪ್ಪಿನಕಾಯಿ, ಸಾಂಬಾರ್ ಪುಡಿ, ತುಪ್ಪ, ಬೀಜ ಯಾವುದೇ ಆಗಲಿ, ಇಳಿದಾಗ ಕಾರ್ಡಿನಲ್ಲಿ ಘೋಷಿಸಿ. ಘೋಷಿಸಿದ್ದನ್ನು ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ.

ಕರೆಂಟ್ ಹೇಗೆ? ಮಿಕ್ಸಿ ಓಡುತ್ತದೆಯೇ?

ಕ್ಯಾರವಾನ್ ಪಾರ್ಕಿನ ಪವರ್ಡ್ ಸೈಟ್‌ನಲ್ಲಿ 15 ಆಂಪ್ ಪ್ಲಗ್ ಇರುತ್ತದೆ, ಎಂದರೆ ಸುಮಾರು 3,500 ವ್ಯಾಟ್. ಎಸಿ 1,500, ಕೆಟಲ್ 2,200. ಎರಡೂ ಒಟ್ಟಿಗೆ ಓಡಿದರೆ ಟ್ರಿಪ್ ಆಗುತ್ತದೆ. ನೀರು ಕಾಯಿಸುವಾಗ ಎಸಿ ಆರಿಸಿ. ನಮ್ಮ 750 ವ್ಯಾಟ್ ಮಿಕ್ಸಿ ಪ್ಲಗ್ ಅಡಾಪ್ಟರ್ ಹಾಕಿದರೆ ಇಲ್ಲಿ ಚೆನ್ನಾಗಿ ಓಡುತ್ತದೆ, ವೋಲ್ಟೇಜ್ ನಮ್ಮಲ್ಲಿದ್ದಷ್ಟೇ. ಅದರ ತೂಕ ನೆನಪಿಡಿ.

ಪಾರ್ಕ್ ಇಲ್ಲದ ಕಡೆ ತಂಗಿದರೆ ಬ್ಯಾಟರಿಯೇ ಗತಿ. ಕಂಪ್ರೆಸರ್ ಫ್ರಿಜ್ ದಿನಕ್ಕೆ 40ರಿಂದ 60 ಆಂಪ್-ಅವರ್ ತಿನ್ನುತ್ತದೆ, ದೀಪ, ಪಂಪ್, ಫೋನ್ ಸೇರಿ ಇನ್ನು 15. 200 ವ್ಯಾಟ್ ಸೌರ ಫಲಕ ಆಲಿಸ್ ಸುತ್ತಮುತ್ತಲ ಚಳಿಗಾಲದ ಬಿಸಿಲಿಗೆ 55ರ ಆಸುಪಾಸು ಕೊಡುತ್ತದೆ. 200 ಆಂಪ್-ಅವರ್ ಲಿಥಿಯಂ ಬ್ಯಾಟರಿಯಿದ್ದರೆ ಮೂರು ರಾತ್ರಿ ನಿಶ್ಚಿಂತೆ. ಎಸಿ ಮಾತ್ರ ಇದರಲ್ಲಿ ಓಡದು.

ಶೌಚಾಲಯ?

ಒಳಗಿನ ಶೌಚಾಲಯದ ಕ್ಯಾಸೆಟ್ (ಹೊರತೆಗೆದು ಖಾಲಿ ಮಾಡುವ ತೊಟ್ಟಿ) 18ರಿಂದ 20 ಲೀಟರ್ ಹಿಡಿಯುತ್ತದೆ. ನಾಲ್ವರಿಗೆ ಎರಡು ದಿನ. ಹಗಲು ರೋಡ್‌ಹೌಸ್, ಪಾರ್ಕಿನ ಶೌಚಾಲಯ ಬಳಸಿ, ರಾತ್ರಿಗೆ ಮತ್ತು ಮಕ್ಕಳ ಅವಸರಕ್ಕೆ ಇದನ್ನು ಉಳಿಸಿಕೊಳ್ಳಿ. ಅದನ್ನು ಸುರಿಯಲೆಂದೇ ಇರುವ ಡಂಪ್ ಪಾಯಿಂಟ್‌ನಲ್ಲಿ ಮಾತ್ರ ಖಾಲಿ ಮಾಡಬೇಕು. ವಿಶ್ರಾಂತಿ ತಾಣದ ಗುಂಡಿ ಶೌಚಾಲಯಕ್ಕೆ ಸುರಿದರೆ ಅದರಲ್ಲಿನ ರಾಸಾಯನಿಕ ಗುಂಡಿಯನ್ನೇ ಕೆಡಿಸುತ್ತದೆ. ಡಯಾಪರನ್ನು ಹೂಳಬೇಡಿ, ಡಿಂಗೋಗಳು (ಇಲ್ಲಿನ ಕಾಡುನಾಯಿಗಳು) ಅಗೆದು ಹಾಕುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಮುಂದಿನ ಊರಿನ ತೊಟ್ಟಿಗೆ ಹಾಕಿ.

ಮಕ್ಕಳಿಗೆ ಹೆಚ್ಚು ಅಪಾಯ ಯಾವಾಗ?

ಹಾವು, ಡಿಂಗೋ ಎಂದು ಎಲ್ಲರೂ ಹೆದರುತ್ತಾರೆ. ನಿಜವಾಗಿ ಎಚ್ಚರ ಬೇಕಾದದ್ದು ತಂಗುವ ಜಾಗಕ್ಕೆ ಬಂದ ಮೊದಲ ಹತ್ತು ನಿಮಿಷ. ಚಾಲಕ ಹಿಮ್ಮುಖವಾಗಿ ಗಾಡಿ ನಿಲ್ಲಿಸುತ್ತಿರುತ್ತಾನೆ, ಹಿಂದೆ ಏನೂ ಕಾಣುವುದಿಲ್ಲ, ಇನ್ನೊಬ್ಬರ ಕಣ್ಣು ಕ್ಯಾರವಾನ್ ಮೇಲಿರುತ್ತದೆ, ದಿನವಿಡೀ ಕೂತ ಮಕ್ಕಳು ಓಡಲು ಕಾದಿರುತ್ತಾರೆ. ಗಾಡಿ ನಿಂತು, ಗಾಲಿಗೆ ಅಡ್ಡಗಟ್ಟೆ ಇಟ್ಟು, ಕೊಕ್ಕೆ ಬಿಚ್ಚಿ ಮುಗಿಯುವವರೆಗೆ ಚಿಕ್ಕವರು ಸೀಟಿನಿಂದ ಇಳಿಯಕೂಡದು, ಒಬ್ಬ ದೊಡ್ಡವರು ಅವರ ಬಳಿ ಇರಲಿ. ದೊಡ್ಡ ಮಕ್ಕಳಿಗೆ ಮೊದಲೇ ಒಂದು ಮಡಚುವ ಕುರ್ಚಿ ಹಾಕಿ, ಅದರಿಂದ ಏಳಬಾರದೆಂಬ ನಿಯಮ ಮಾಡಿ. ಗಾಡಿ ಹಿಂದಕ್ಕೆ ಬರುವಾಗ ಸೂಚನೆ ಕೊಡುವವರು ಚಾಲಕನ ಕನ್ನಡಿಯಿಂದ ಮರೆಯಾದ ಕ್ಷಣ ಚಾಲಕ ನಿಲ್ಲಿಸಬೇಕು.

ಕೂಬರ್ ಪೀಡಿಯಲ್ಲಿ ಇನ್ನೊಂದು ಅಪಾಯ. ಓಪಲ್ ಎಂಬ ರತ್ನದ ಗಣಿಗಾರಿಕೆಗೆ ಕೊರೆದ ಆಳದ ಗುಂಡಿಗಳು ಊರಾಚೆ ಬೇಲಿಯಿಲ್ಲದೆ ಬಾಯ್ತೆರೆದಿವೆ. ಫೋಟೊ ತೆಗೆಯಲು ಹಿಂದೆ ಹಿಂದೆ ಹೆಜ್ಜೆ ಇಡಬೇಡಿ, ಮಗುವಿನ ಕೈ ಬಿಡಬೇಡಿ.

ರಾತ್ರಿ ಮಲಗುವಾಗ?

ಮೇಲಿನ ಬಂಕ್ ಹಾಸಿಗೆ 9 ವರ್ಷಕ್ಕಿಂತ ಚಿಕ್ಕವರಿಗಲ್ಲ. ಚಳಿಗೆ ಗ್ಯಾಸ್ ಒಲೆ ಉರಿಸಿ ಬೆಚ್ಚಗೆ ಮಾಡಿಕೊಳ್ಳುವುದು ಪ್ರಾಣಕ್ಕೇ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಕಿಂಡಿ ಮುಚ್ಚಬೇಡಿ, ಅಲಾರಂ ಹಾಕಿ. ಉಣ್ಣೆಯ ಟೋಪಿ, ದಪ್ಪ ಹೊದಿಕೆ ಸಾಕು. ಚಪ್ಪರವನ್ನು ರಾತ್ರಿ ಸುತ್ತಿಬಿಡಿ. ಒಂದು ಬಿರುಗಾಳಿಗೆ ಅದು ಛಾವಣಿಯ ಮೇಲೆ ಮಗುಚಿಕೊಳ್ಳುತ್ತದೆ.

ಕಾರಿನಲ್ಲಿ ಗಂಟೆಗಟ್ಟಲೆ ಮಕ್ಕಳು ಕೂರುತ್ತಾರೆಯೇ?

ಬೆಳಿಗ್ಗೆ 8ಕ್ಕೆ ಹೊರಡಿ. ಮೊದಲ ಒಂದೂವರೆ ಗಂಟೆ ಎಲ್ಲರೂ ಲವಲವಿಕೆಯಿಂದ ಇರುತ್ತಾರೆ. ನಂತರ ಅರ್ಧ ಗಂಟೆ ಇಳಿದು ಓಡಲಿ. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಇನ್ನೊಂದು ಓಟ. 2ರ ಒಳಗೆ ತಂಗುವ ಜಾಗ ತಲುಪಿರಬೇಕು, ಬೆಳಕಿರುವಾಗ ಆಡಲು ಮೂರು ಗಂಟೆ ಸಿಗುತ್ತದೆ. ಆಟಿಕೆ ಹೆಚ್ಚು ಬೇಡ. ಕಥೆಯ ಆಡಿಯೊ ಮೊದಲೇ ಇಳಿಸಿಕೊಳ್ಳಿ, ಊರು ದಾಟಿದರೆ ಇಂಟರ್ನೆಟ್ ಇರುವುದಿಲ್ಲ.

ಕಾಯಿಲೆ, ಹಾವು, ಬಿಸಿಲು: ಏನು ಸಿದ್ಧವಿರಬೇಕು?

ತುರ್ತಿಗೆ 000. ಮೊಬೈಲಿನಿಂದ 112 ಕೂಡ ನಡೆಯುತ್ತದೆ. ವಿಷ, ಔಷಧಿ ನುಂಗಿದ ಅನುಮಾನವಿದ್ದರೆ 13 11 26. ದೂರದ ಜಾಗಗಳಿಂದ ರೋಗಿಯನ್ನು ಕರೆದೊಯ್ಯಲು ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್‌ನ ವಿಮಾನಗಳಿವೆ. 1928ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕ್ಲೋನ್‌ಕರಿಯಲ್ಲಿ ಆರಂಭವಾದ ಸೇವೆ ಇದು.

ಹಾವು ಕಚ್ಚಿದರೆ ಓಡಬೇಡಿ, ನಡೆಸಬೇಡಿ. ಗಾಯ ತೊಳೆಯಬೇಡಿ, ಚರ್ಮದ ಮೇಲಿನ ವಿಷದಿಂದ ಆಸ್ಪತ್ರೆಯಲ್ಲಿ ಹಾವಿನ ಜಾತಿ ಪತ್ತೆ ಮಾಡಬಹುದು. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. 10ರಿಂದ 15 ಸೆಂ.ಮೀ. ಅಗಲದ ಎಲಾಸ್ಟಿಕ್ ಬ್ಯಾಂಡೇಜನ್ನು ಕಚ್ಚಿದ ಜಾಗದ ಮೇಲೆ ಸುತ್ತಿ, ಇನ್ನೊಂದನ್ನು ಬೆರಳ ಬುಡದಿಂದ ಆರಂಭಿಸಿ ಇಡೀ ಕಾಲು ಅಥವಾ ತೋಳಿಗೆ ಉಳುಕಿಗೆ ಕಟ್ಟುವಷ್ಟು ಬಿಗಿಯಾಗಿ ಸುತ್ತಿ. ಕೋಲು ಕಟ್ಟಿ ಅಲುಗದಂತೆ ಮಾಡಿ. ಬ್ಯಾಂಡೇಜ್ ಮೂರಾದರೂ ಇರಲಿ. ರೆಡ್‌ಬ್ಯಾಕ್ ಜೇಡ ಕಚ್ಚಿದರೆ ಈ ಕಟ್ಟು ಬೇಡ, ತಣ್ಣನೆಯ ಪಟ್ಟಿ ಇಟ್ಟು ಆಸ್ಪತ್ರೆಗೆ ಹೋಗಿ.

ಮಗು ಆರೇಳು ಗಂಟೆ ಮೂತ್ರ ಮಾಡದಿದ್ದರೆ, ಮಂಕಾಗಿದ್ದರೆ ನೀರು ಕಡಿಮೆಯಾಗಿದೆ. ಓಆರ್‌ಎಸ್ ಪೊಟ್ಟಣ ಹತ್ತಾದರೂ ಇರಲಿ. ನೊಣಕ್ಕೆ ಮುಖದ ಬಲೆ ಪ್ರತಿಯೊಬ್ಬರಿಗೂ ಒಂದು, ಮಕ್ಕಳಿಗೆ ಎರಡು, ಏಕೆಂದರೆ ಹರಿಯುತ್ತವೆ.

ಫೋನ್ ಸಿಗ್ನಲ್ ಇಲ್ಲದ ಕಡೆ ಗಾಡಿ ಕೆಟ್ಟರೆ?

ಟೆಲ್‌ಸ್ಟ್ರಾ ಜಾಲ ಉಳಿದವುಗಳಿಗಿಂತ ದೂರ ಹಬ್ಬಿದೆ, ಆದರೂ ಅದು ಸಿಗುವುದು ಹೆಚ್ಚಾಗಿ ಊರುಗಳ ಸುತ್ತ. ಉಪಗ್ರಹಕ್ಕೆ ಸಂಕೇತ ಕಳಿಸುವ ಪಿಎಲ್‌ಬಿ ಒಂದನ್ನು ಕೊಂಡು ಹೆಸರು ನೋಂದಾಯಿಸಿ, ನೋಂದಣಿ ಉಚಿತ. ಅದನ್ನು ಒತ್ತುವುದು ಪ್ರಾಣಾಪಾಯಕ್ಕೆ ಮಾತ್ರ, ಪಂಕ್ಚರ್‌ಗೆ ಅಲ್ಲ. ಗಾಡಿ ಕೆಟ್ಟರೆ ಅದನ್ನು ಬಿಟ್ಟು ನಡೆಯಬೇಡಿ. ನೆರಳು, ನೀರು ಅಲ್ಲೇ ಇದೆ, ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. ಸ್ಟುವರ್ಟ್ ಹೆದ್ದಾರಿಯಲ್ಲಿ ಹಗಲು ಹೊತ್ತು ಬೇಗನೆ ಯಾರಾದರೂ ಬರುತ್ತಾರೆ, ಬಂದವರು ನಿಲ್ಲಿಸಿ ವಿಚಾರಿಸುತ್ತಾರೆ.

ಉಲುರುವಿನಲ್ಲಿ ಮಕ್ಕಳೊಂದಿಗೆ ಏನು ಮಾಡಬಹುದು?

ಬಂಡೆ ಹತ್ತುವುದನ್ನು 2019ರ ಅಕ್ಟೋಬರ್ 26ರಿಂದ ಮುಚ್ಚಲಾಗಿದೆ. ಈ ನೆಲ ಅನಂಗು ಜನರದು, 1985ರಲ್ಲಿ ಅವರಿಗೆ ಮರಳಿ ಸೇರಿತು. ಸುತ್ತು ಹಾದಿ 10.6 ಕಿ.ಮೀ., ಚಿಕ್ಕವರಿಗೆ ಹೆಚ್ಚು. ಹೋಗಿಬರಲು 2 ಕಿ.ಮೀ. ಇರುವ ಮಾಲಾ ಹಾದಿ, ನೀರಿನ ಹೊಂಡದವರೆಗಿನ 1 ಕಿ.ಮೀ. ಕುನಿಯಾ ಹಾದಿ ಮಕ್ಕಳಿಗೆ ಹೇಳಿಮಾಡಿಸಿದವು. ಕೆಲವು ಪವಿತ್ರ ಜಾಗಗಳಲ್ಲಿ ಫೋಟೊ ತೆಗೆಯಬಾರದು ಎಂಬ ಫಲಕವಿದೆ. ನಮ್ಮ ಗರ್ಭಗುಡಿಯಲ್ಲಿ ಕ್ಯಾಮೆರಾ ಒಯ್ಯುವುದಿಲ್ಲ ಎಂದರೆ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಉದ್ಯಾನದೊಳಗೆ ತಂಗುವಂತಿಲ್ಲ, ಯುಲಾರಾದಲ್ಲೇ ಕ್ಯಾರವಾನ್ ಬಿಡಬೇಕು. ಅಲ್ಲಿ ಡಿಂಗೋಗಳು ಓಡಾಡುತ್ತವೆ. ಆಹಾರ, ಚಪ್ಪಲಿ ಹೊರಗಿಡಬೇಡಿ, ಕತ್ತಲಾದ ಮೇಲೆ ಶೌಚಾಲಯಕ್ಕೂ ಮಗುವನ್ನು ಒಂಟಿಯಾಗಿ ಕಳಿಸಬೇಡಿ.

ಕಿಂಗ್ಸ್ ಕ್ಯಾನ್ಯನ್‌ನಲ್ಲಿ ಅಂಚಿನ 6 ಕಿ.ಮೀ. ಹಾದಿ ಕಡಿದಾದ ಮೆಟ್ಟಿಲಿನಿಂದ ಆರಂಭವಾಗುತ್ತದೆ, ತಡೆಗೋಡೆಯಿಲ್ಲದ ಪ್ರಪಾತಗಳಿವೆ. ಚಿಕ್ಕವರಿದ್ದರೆ ಕೆಳಗಿನ ಹಳ್ಳದ ಹಾದಿಯನ್ನು ಆರಿಸಿ. ಅಲ್ಲಿಂದ ಆಲಿಸ್‌ಗೆ ಹೋಗುವ ಮೆರೀನಿ ಮಣ್ಣುರಸ್ತೆಗೆ ಕ್ಯಾರವಾನ್ ಒಯ್ಯಬೇಡಿ.

ನೀರಿಗೆ ಇಳಿಯಬಹುದೇ?

ಮಟರಂಕಾದ ಬಿಸಿನೀರ ಕೊಳ ಸುಮಾರು 34 ಡಿಗ್ರಿ, ಮಕ್ಕಳಿಗೆ ಪರಮಾನಂದ. ಆದರೆ ಕ್ಯಾಥರೀನ್ ಸುತ್ತಮುತ್ತ ಮತ್ತು ಅದರ ಉತ್ತರಕ್ಕೆ ಯಾವ ಹೊಳೆಯಲ್ಲೂ ಮೊಸಳೆ ಇದೆ ಎಂದೇ ತಿಳಿಯಿರಿ. ಈಜಬಹುದು ಎಂಬ ಫಲಕ ಆ ದಿನ ಇದ್ದ ಕಡೆ ಮಾತ್ರ ಇಳಿಯಿರಿ. ಪಾತ್ರೆ ತೊಳೆಯಲೂ ದಂಡೆಗೆ ಹೋಗಬೇಡಿ.

ಊರಿನಿಂದ ಬಂದ ಅಜ್ಜ, ಅಜ್ಜಿಯನ್ನೂ ಕರೆದೊಯ್ಯಬಹುದೇ?

ಮೆಲ್ಬೋರ್ನ್, ಸಿಡ್ನಿಯ ಕನ್ನಡ ಕುಟುಂಬಗಳು ಹೆಚ್ಚು ಕೇಳುವ ಪ್ರಶ್ನೆ ಇದು. ಮೊದಲು ಸೀಟಿನ ಲೆಕ್ಕ ಹಾಕಿ. ಐದು ಆಸನದ ಕಾರಿನಲ್ಲಿ ಎರಡು ಮಕ್ಕಳ ಸೀಟು ಹಾಕಿದರೆ ನಡುವೆ ಹಿರಿಯರೊಬ್ಬರು ಕಷ್ಟಪಟ್ಟು ಕೂರಬೇಕು. ಇಬ್ಬರಿದ್ದರೆ ಏಳು ಆಸನದ ಗಾಡಿಯೇ ಬೇಕು. ಕ್ಯಾರವಾನ್‌ನ ಮೆಟ್ಟಿಲು ಎತ್ತರ, ಮಂಡಿನೋವಿದ್ದವರಿಗೆ ಹಿಡಿಕೆಯಿರುವ ಮಡಚುವ ಮೆಟ್ಟಿಲು ಕೊಳ್ಳಿ. ಅವರಿಗೆ ರಾತ್ರಿ ಪಾರ್ಕಿನ ಕ್ಯಾಬಿನ್ ಮಾಡಿಕೊಟ್ಟರೆ ಎಲ್ಲರಿಗೂ ನಿದ್ದೆ ಬರುತ್ತದೆ.

ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಆರೋಗ್ಯ ಒಪ್ಪಂದವಿಲ್ಲ, ಹಾಗಾಗಿ ಅವರಿಗೆ ಮೆಡಿಕೇರ್ ಎಂಬ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಸಿಗದು. ದೂರದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚನ್ನೂ ಒಳಗೊಂಡ ವಿಮೆ ಇರಲೇಬೇಕು. ಆಂಬುಲೆನ್ಸ್ ಖರ್ಚನ್ನು ಮೆಡಿಕೇರ್ ಕೊಡುವುದಿಲ್ಲ, ಹಾಗಾಗಿ ಇಲ್ಲಿನ ನಿವಾಸಿಗಳೂ ಅದರ ವಿಮೆ ಮಾಡಿಸಿಕೊಳ್ಳಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪ್ರಯಾಣದ ದಿನಗಳಿಗಿಂತ ಎರಡು ವಾರ ಹೆಚ್ಚಿಗೆ ತನ್ನಿ, ವೈದ್ಯರ ಚೀಟಿ ಜೊತೆಗಿರಲಿ. ಇನ್ಸುಲಿನ್ ಇದ್ದರೆ ಫ್ರಿಜ್‌ನ ಬಾಗಿಲಿನಲ್ಲಿ ಇಡಿ, ಹಿಂದಿನ ತಣ್ಣನೆಯ ಗೋಡೆಗೆ ತಾಗಿಸಬೇಡಿ. ಕ್ಯಾರವಾನ್ ಫ್ರಿಜ್ ಚಳಿಯ ರಾತ್ರಿ ಹಿಂಬದಿಯಲ್ಲಿ ಹೆಪ್ಪುಗಟ್ಟುತ್ತದೆ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಬಳಸುವಂತಿಲ್ಲ.